ಹಳೆಯ ರೈಫಲ್, ಒರಟು ಟ್ರಿಗರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೆಯ ಬೇಟೆ ರೈಫಲ್‌ಗಳ ಟ್ರಿಗರ್ ಬಗ್ಗೆ ಅಮೆರಿಕದ ಕನ್ನಡಿಗರೂ ಬರೆದಿದ್ದಾರೆ, ಕೊಡಗು–ಸಕಲೇಶಪುರದ ಕಡೆಯವರೂ ಬರೆದಿದ್ದಾರೆ. ಅಲ್ಲಿನವರಿಗೆ ಬಿಡಿಭಾಗ ಅಂಗಡಿಯಲ್ಲೇ ಸಿಗುತ್ತದೆ, ಸ್ವಂತ ರೈಫಲ್ಲನ್ನು ತಾವೇ ಬಿಚ್ಚಿ ಜೋಡಿಸಲು ಅಡ್ಡಿಯಿಲ್ಲ. ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಬೇಟೆ ನಿಂತಿದೆ, ಕೋವಿಯ ರಿಪೇರಿಗೆ ಲೈಸೆನ್ಸ್ ಇರುವ ಗನ್‌ಸ್ಮಿತ್ತೇ ಬೇಕು. ಉತ್ತರಗಳನ್ನು ಓದುವಾಗ ಈ ವ್ಯತ್ಯಾಸ ನೆನಪಿರಲಿ. ಮುಂದೆ ಹೇಳುವ ಯಾವ ಕೆಲಸಕ್ಕೂ ಮುಂಚೆ ಮ್ಯಾಗಜೀನ್ ಖಾಲಿ ಮಾಡಿ, ಬೋಲ್ಟ್ (ತೋಟೆಯನ್ನು ಒಳಗೆ ತಳ್ಳಿ ಮುಚ್ಚುವ ಅಗುಳಿ) ತೆಗೆದು, ತೋಟೆ ಕೂರುವ ಚೇಂಬರಿಗೆ ಕಿರುಬೆರಳು ಹಾಕಿ ನೋಡಿ. ತೋಟೆಗಳು ಆ ಕೋಣೆಯಲ್ಲೇ ಇರಬಾರದು.

ಪ್ರಶ್ನೆ: ಯುದ್ಧಾನಂತರ ಯಾರೋ ಬೇಟೆಗೆಂದು ಮಾರ್ಪಡಿಸಿದ ಮೌಸರ್ 98 ಕೊಂಡಿದ್ದೇನೆ, .30-06 ಕ್ಯಾಲಿಬರ್. ನಳಿಗೆ, ಮರ ಎಲ್ಲ ಹೊಸದು, ಟ್ರಿಗರ್ ಮಾತ್ರ ಮಿಲಿಟರಿಯದೇ. ಮೊದಲು ಸಡಿಲವಾಗಿ ಒಂದಿಷ್ಟು ದೂರ ಬರುತ್ತದೆ, ಆಮೇಲೆ ಮರಳಲ್ಲಿ ಎಳೆದ ಹಾಗೆ ಕರಕರ ಅನ್ನುತ್ತದೆ. ಉಜ್ಜಿಸಿ ನಯ ಮಾಡಿಸುವುದೋ, ಟಿಮ್ನಿ ಕಂಪನಿಯ ಹೊಸ ಟ್ರಿಗರ್ ಹಾಕುವುದೋ?
— ಎಸ್. ಆರ್., ಆಸ್ಟಿನ್, ಟೆಕ್ಸಸ್

ಉತ್ತರ: ಮೊದಲು ತೂಕ ಅಳೆಯಿರಿ. ಟ್ರಿಗರ್ ಗೇಜ್ ಇಲ್ಲದಿದ್ದರೆ ಗಟ್ಟಿ ತಂತಿಯ ಕೊಕ್ಕೆ ಮಾಡಿ, ಅದಕ್ಕೆ ಪ್ಲಾಸ್ಟಿಕ್ ಡಬ್ಬಿ ಕಟ್ಟಿ. ಖಾಲಿ ರೈಫಲ್ಲಿಗೆ ಬೋಲ್ಟ್ ಮತ್ತೆ ಹಾಕಿ ಕಾಕ್ ಮಾಡಿ (ಸಿಡಿಯಲು ಸಜ್ಜು ಮಾಡಿ), ನಳಿಗೆ ಮೇಲ್ಮುಖವಾಗಿ ನೆಟ್ಟಗೆ ನಿಲ್ಲಿಸಿ, ಟ್ರಿಗರ್‌ನಲ್ಲಿ ಬೆರಳು ಕೂರುವ ಜಾಗಕ್ಕೇ ಕೊಕ್ಕೆ ಸಿಕ್ಕಿಸಿ. ಡಬ್ಬಿಗೆ ನೀರು ಸುರಿಯುತ್ತ ಹೋಗಿ, ಟ್ರಿಗರ್ ಬಿಟ್ಟ ಕೂಡಲೇ ಡಬ್ಬಿಯನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಿ. ಐದು ಸಲ ಮಾಡಿ ಸರಾಸರಿ ತೆಗೆಯಿರಿ. 3 ಪೌಂಡ್ ಅಂದರೆ 1.36 ಕಿಲೋ, 4 ಪೌಂಡ್ 1.81, 6 ಪೌಂಡ್ 2.72. ಬೇಟೆ ರೈಫಲ್ಲಿಗೆ 3ರಿಂದ 4 ಪೌಂಡ್ ಸಾಕು. ಚಳಿಗೆ ಗ್ಲೌಸ್ ಹಾಕಿಕೊಂಡು ಹೊಡೆಯುವವರು 4ರ ಹತ್ತಿರವೇ ಇರಲಿ. ಐದು ಅಳತೆಗಳ ನಡುವೆ ಅರ್ಧ ಪೌಂಡಿಗಿಂತ ಹೆಚ್ಚು ಏರಿಳಿತ ಬಂದರೆ ನಿಮ್ಮ ತೊಂದರೆ ಸ್ಪ್ರಿಂಗಿನದಲ್ಲ, ಒಂದಕ್ಕೊಂದು ಉಜ್ಜುವ ಮೈಗಳದ್ದು. ಕರಕರ ಎನ್ನುವ ನಿಮ್ಮ ವರ್ಣನೆಯೂ ಅದನ್ನೇ ಹೇಳುತ್ತದೆ.

ಆ ಸಡಿಲ ಎಳೆತ ದೋಷವಲ್ಲ. ಮೌಸರ್ ಟ್ರಿಗರ್‌ನ ತಲೆಯ ಮೇಲೆ ಎರಡು ಉಬ್ಬುಗಳಿವೆ. ಎಳೆದಾಗ ಮೊದಲ ಉಬ್ಬು ರಿಸೀವರ್‌ನ (ಬೋಲ್ಟ್ ಕೂರುವ ಲೋಹದ ಒಡಲಿನ) ತಳಕ್ಕೆ ಒತ್ತಿ ಸಿಯರನ್ನು (ಟ್ರಿಗರ್ ಎಳೆಯುವವರೆಗೆ ಸಿಡಿತ ತಡೆದು ಹಿಡಿಯುವ ಕೊಂಡಿಯನ್ನು) ಬಹುಪಾಲು ಕೆಳಗಿಳಿಸುತ್ತದೆ, ಇದು ಮೊದಲ ಹಂತ. ಆಮೇಲೆ ಹಿಂದಿನ ಉಬ್ಬು ರಿಸೀವರ್‌ಗೆ ತಾಗುತ್ತದೆ, ಬೆರಳಿಗೆ ಗೋಡೆ ಸಿಕ್ಕಂತಾಗುತ್ತದೆ, ಉಳಿದ ಕೊಂಚ ಹಿಡಿತ ಬಿಡಿಸುವುದು ಎರಡನೆಯ ಹಂತ. ಸುಮ್ಮನಿರುವಾಗ ಸಿಯರ್ ಕಾಕಿಂಗ್ ಪೀಸನ್ನು (ತೋಟೆ ಸಿಡಿಸುವ ಸೂಜಿಯ ಹಿಂಬದಿಯ ತುಂಡನ್ನು) ಆಳವಾಗಿ ಹಿಡಿದಿರುತ್ತದೆ. ಹಾಗಾಗಿ ಕೈತಪ್ಪಿ ಬಿದ್ದರೂ ಬೋಲ್ಟನ್ನು ಬಡಿದು ಮುಚ್ಚಿದರೂ ಸುಲಭಕ್ಕೆ ಸಿಡಿಯುವುದಿಲ್ಲ. ಸೈನಿಕನ ಕೈಗೆ ಕೊಡಲೆಂದೇ ಮಾಡಿದ ಏರ್ಪಾಡು ಇದು. ಇದನ್ನು ಒಂದೇ ಹಂತಕ್ಕೆ ಇಳಿಸಬೇಕೆಂದು ಸಿಯರ್‌ನ ಎತ್ತರ ಉಜ್ಜಿ ತೆಗೆಯುವವರು ಆ ಆಳದ ಹಿಡಿತವನ್ನೇ ಕಳೆಯುತ್ತಾರೆ. ಟ್ರಿಗರ್ ಹಗುರವೂ ಆಗುತ್ತದೆ, ಅಪಾಯವೂ ಆಗುತ್ತದೆ. ಸೆಕೆಂಡ್‌ಹ್ಯಾಂಡ್ ಸ್ಪೋರ್ಟರ್‌ಗಳಲ್ಲಿ (ಬೇಟೆ ರೂಪದ ರೈಫಲ್‌ಗಳಲ್ಲಿ) ನಾವು ಹೆಚ್ಚು ಕಾಣುವ ಹಾಳು ಇದೇ.

ಮಿಲಿಟರಿ ಟ್ರಿಗರನ್ನೇ ಇಟ್ಟುಕೊಳ್ಳುವುದಾದರೆ ಉಜ್ಜಬೇಕಾದ ಜಾಗ ಮೂರೇ: ಸಿಯರ್‌ನ ಹಿಡಿಯುವ ಮುಖ, ಕಾಕಿಂಗ್ ಪೀಸ್‌ನ ಮೂತಿ, ಟ್ರಿಗರ್‌ನ ಎರಡು ಉಬ್ಬುಗಳ ನೆತ್ತಿ. ಅರ ಮುಟ್ಟಬೇಡಿ, ಡ್ರೆಮೆಲ್ (ಕೈಯಲ್ಲಿ ಹಿಡಿಯುವ ವಿದ್ಯುತ್ ಗ್ರೈಂಡರ್) ಅಂತೂ ಬೇಡವೇ ಬೇಡ. ಗಟ್ಟಿ ಅರ್ಕಾನ್ಸಾ ಸಾಣೆಕಲ್ಲಿಗೆ ಒಂದು ಹನಿ ಎಣ್ಣೆ ಹಾಕಿ, ಮುಖಕ್ಕೆ ಮೊದಲು ಮಾರ್ಕರ್ ಶಾಯಿ ಬಳಿಯಿರಿ, ಒಂದೇ ದಿಕ್ಕಿಗೆ ಏಳೆಂಟು ಸಲ ಎಳೆದು ನೋಡಿ. ಶಾಯಿ ಎಲ್ಲ ಕಡೆ ಸಮವಾಗಿ ಹೋಗಿದ್ದರೆ ಕಲ್ಲು ಚಪ್ಪಟೆಯಾಗಿ ಕೂತಿದೆ ಎಂದರ್ಥ. ಒಂದು ಅಂಚಿನಲ್ಲಷ್ಟೇ ಹೋಗಿದ್ದರೆ ನೀವು ಕೋನ ಬದಲಿಸುತ್ತಿದ್ದೀರಿ, ನಿಲ್ಲಿಸಿ. ಯಂತ್ರದ ಗೀರು ಮಾಯವಾಗಿ ಮಂದ ಹೊಳಪು ಬಂದರೆ ಸಾಕು, ಕನ್ನಡಿ ಬೇಕಿಲ್ಲ. ಈ ಭಾಗಗಳ ಮೇಲ್ಪದರ ಮಾತ್ರ ಗಟ್ಟಿ, ಒಳಗಿನ ಉಕ್ಕು ಮೃದು. ಪದರ ದಾಟಿದರೆ ಟ್ರಿಗರ್ ಕೆಲವು ನೂರು ಈಡಿಗೆ ಬಹಳ ಚೆನ್ನಾಗಿರುತ್ತದೆ, ಆಮೇಲೆ ಮೃದು ಉಕ್ಕು ಸವೆದು ಒಂದು ದಿನ ಹಿಡಿಯುವುದನ್ನೇ ಬಿಡುತ್ತದೆ.

ಎರಡನೆಯ ಹಂತ ಇನ್ನೂ ಉದ್ದ ಅನ್ನಿಸಿದರೆ ಹಿಂದಿನ ಉಬ್ಬನ್ನು ಕೂದಲೆಳೆಯಷ್ಟು ತಗ್ಗಿಸಬಹುದು. ಆಗ ಗೋಡೆ ಕೊಂಚ ತಡವಾಗಿ ಸಿಗುತ್ತದೆ, ಬಿಡಿಸಬೇಕಾದ ಹಿಡಿತ ಕಡಿಮೆಯಾಗುತ್ತದೆ, ಸುಮ್ಮನಿರುವಾಗಿನ ಆಳ ಮಾತ್ರ ಹಾಗೇ ಉಳಿಯುತ್ತದೆ. ಪ್ರತಿ ಸಲ ಉಜ್ಜಿದ ಮೇಲೂ ಜೋಡಿಸಿ ನೋಡಿ. ಜಾಸ್ತಿ ತಗ್ಗಿಸಿದರೆ ಗೋಡೆಯೇ ಇಲ್ಲದೆ ಮೊದಲ ಹಂತದ ಕೊನೆಯಲ್ಲಿ ಸಿಡಿಯುತ್ತದೆ, ಆ ಟ್ರಿಗರ್ ಗುಜರಿಗೆ.

ಕೆಲಸ ಮುಗಿದ ಮೇಲೆ ಒಂದು ಪರೀಕ್ಷೆ. ಕಾಕ್ ಮಾಡಿ, ಬೆಳಕಿಗೆ ಹಿಡಿದು, ಟ್ರಿಗರನ್ನು ಬಹಳ ನಿಧಾನ ಒತ್ತುತ್ತ ಕಾಕಿಂಗ್ ಪೀಸ್‌ನ ಹಿಂಬದಿಯನ್ನೇ ನೋಡಿ. ಅದು ಅಲುಗದೆ ನಿಂತಿರಬೇಕು, ಇಲ್ಲವೇ ಒಂದು ಕೂದಲಿನಷ್ಟು ಹಿಂದಕ್ಕೆ ಸರಿಯಬೇಕು. ಸಿಡಿಯುವ ಮುಂಚೆಯೇ ಮುಂದಕ್ಕೆ ತೆವಳಿದರೆ ಕೋನ ಉಲ್ಟಾ ಆಗಿದೆ, ಮೇನ್‌ಸ್ಪ್ರಿಂಗ್ (ಕಾಕಿಂಗ್ ಪೀಸನ್ನು ಮುಂದಕ್ಕೆ ತಳ್ಳುವ ಮುಖ್ಯ ಸ್ಪ್ರಿಂಗ್) ತಾನೇ ಸಿಯರನ್ನು ಕೆಳಗೆ ತಳ್ಳುತ್ತಿದೆ. ಆ ರೈಫಲ್ಲಿಗೆ ತೋಟೆ ಹಾಕಬೇಡಿ.

ಇಷ್ಟು ಹೇಳಿದ ಮೇಲೆ ನಮ್ಮ ಸಲಹೆ: ನಿಮ್ಮಲ್ಲಿ ರೈಫಲ್ ಹೇಗೂ ಮಾರ್ಪಾಡಾಗಿದೆ, ಮೂಲರೂಪದ ಬೆಲೆ ಕಳೆಯುವ ಚಿಂತೆ ಇಲ್ಲ. ಟಿಮ್ನಿಯನ್ನೇ ಹಾಕಿ. ಅದು ಕೊಳ್ಳುವಾಗ ಎರಡು ವಿಷಯ ನೋಡಿ. ನಿಮ್ಮ ಆಕ್ಷನ್ (ಮರ ಬಿಟ್ಟು ರೈಫಲ್ಲಿನ ಲೋಹದ ಯಂತ್ರಭಾಗ) ಬೆಲ್ಜಿಯಂನ ಎಫ್‌ಎನ್ ಕಂಪನಿಯ ಆಕ್ಷನ್ನೋ ಮಿಲಿಟರಿ 98ಕೆ ಆಕ್ಷನ್ನೋ ತಿಳಿದು ಅದರ ಮಾದರಿಯನ್ನೇ ತರಿಸಿ. ಜೊತೆಗೆ ಸೇಫ್ಟಿ ಇರುವುದು ಬೇಕೋ ಇಲ್ಲದ್ದು ಬೇಕೋ ನಿರ್ಧರಿಸಿ. ಸ್ಕೋಪ್ ಕೆಳಮಟ್ಟದಲ್ಲಿ ಕೂತಿದ್ದರೆ ಮೌಸರ್‌ನ ರೆಕ್ಕೆ ಸೇಫ್ಟಿ (ಬೋಲ್ಟಿನ ಹಿಂದೆ ರೆಕ್ಕೆಯಂತೆ ತಿರುಗುವ ಸಿಡಿತ ತಡೆ) ಮೇಲೇಳುವುದಿಲ್ಲ, ಆಗ ಪಕ್ಕದ ಸೇಫ್ಟಿಯ ಮಾದರಿಯೇ ಗತಿ.

ಹಾಕುವ ಕ್ರಮ ಹೀಗೆ. ಗಾರ್ಡಿನ (ಟ್ರಿಗರ್ ಸುತ್ತಲಿನ ಬಳೆಯ) ಮುಂದಿನ ಮತ್ತು ಹಿಂದಿನ ಸ್ಕ್ರೂ ಬಿಚ್ಚಿ ಆಕ್ಷನ್ನನ್ನು ಮರದಿಂದ ಎತ್ತಿ. ಸಿಯರ್‌ನ ಅಡ್ಡ ಪಿನ್ನನ್ನು ಸರಿಯಳತೆಯ ಪಂಚಿನಿಂದ ಹೊರತಳ್ಳಿ. ಸಿಯರ್, ಅದರ ಸ್ಪ್ರಿಂಗ್, ಟ್ರಿಗರ್ ಒಟ್ಟಿಗೇ ಕೆಳಗೆ ಬರುತ್ತವೆ. ಸ್ಪ್ರಿಂಗ್ ಹಾರುತ್ತದೆ, ಅಂಗೈ ಅಡ್ಡ ಇರಲಿ. ಹಳೆಯದೆಲ್ಲ ಡಬ್ಬಿಗೆ ಹಾಕಿ ಇಟ್ಟುಕೊಳ್ಳಿ, ಮುಂದೆ ಮಾರುವಾಗ ಕೇಳುತ್ತಾರೆ. ಹೊಸ ಟ್ರಿಗರ್‌ನ ಹೌಸಿಂಗನ್ನು (ಭಾಗಗಳೆಲ್ಲ ಕೂತ ಪೆಟ್ಟಿಗೆಯನ್ನು) ಅದೇ ಜಾಗಕ್ಕೆ ಕೂರಿಸಿ ಅದೇ ಪಿನ್ ಹಾಕಿ. ನಂತರ ಹೌಸಿಂಗ್ ಅಲುಗದಂತೆ ರಿಸೀವರ್ ತಳಕ್ಕೆ ಒತ್ತುವ ಸೆಟ್ ಸ್ಕ್ರೂವನ್ನು ಅಲೆನ್ ಕೀಯಿಂದ ಬಿಗಿ ಮಾಡಿ. ಬೆರಳಲ್ಲಿ ಅಲ್ಲಾಡಿಸಿದರೆ ಕದಲದಷ್ಟು ಸಾಕು. ಅದಕ್ಕಿಂತ ಹೆಚ್ಚು ತಿರುಗಿಸಿದರೆ ಹೌಸಿಂಗ್ ವಾಲಿ ಸಿಯರ್ ಎತ್ತರ ಬದಲಾಗುತ್ತದೆ. ಮರಕ್ಕೆ ಹಾಕುವ ಮುಂಚೆಯೇ ಬೋಲ್ಟ್ ತೂರಿಸಿ, ಕಾಕ್ ಆಗುತ್ತದೆಯೇ, ಹಿಡಿಯುತ್ತದೆಯೇ ನೋಡಿ.

ಸಮಯ ತಿನ್ನುವುದು ಮರ. ಹೊಸ ಹೌಸಿಂಗ್ ಹಳೆಯದಕ್ಕಿಂತ ದಪ್ಪ. ಹೌಸಿಂಗ್‌ನ ಹೊರಮೈಗೆ ಲಿಪ್‌ಸ್ಟಿಕ್ ಬಳಿದು ಆಕ್ಷನ್ನನ್ನು ಮರಕ್ಕೆ ಒತ್ತಿ ತೆಗೆಯಿರಿ, ಬಣ್ಣ ಅಂಟಿದ ಕಡೆಯಷ್ಟೇ ಉಳಿಯಿಂದ ಕೆತ್ತಿ. ಮತ್ತೆ ಒತ್ತಿ, ಮತ್ತೆ ಕೆತ್ತಿ. ಮರ ಎಲ್ಲೂ ಹೌಸಿಂಗನ್ನು ಮುಟ್ಟಬಾರದು. ಗಾರ್ಡಿನ ಸೀಳಿನಲ್ಲಿ ಟ್ರಿಗರ್‌ನ ಎರಡೂ ಪಕ್ಕ ಗಾಳಿ ಕಾಣಬೇಕು. ತಾಗಿದರೆ ಟ್ರಿಗರ್ ಒಮ್ಮೆ ವಾಪಸ್ ಬರುತ್ತದೆ, ಒಮ್ಮೆ ಬರುವುದಿಲ್ಲ. ಅದು ಕೆಟ್ಟು ನಿಂತ ಟ್ರಿಗರ್‌ಗಿಂತ ಅಪಾಯ. ಕೆತ್ತಿದ ಹಸಿ ಮರಕ್ಕೆ ಎರಡು ಕೋಟ್ ವಾರ್ನಿಷ್ ಹೊಡೆಯದೆ ಮುಚ್ಚಬೇಡಿ.

ಪ್ರಶ್ನೆ: ನನ್ನ ಮೌಸರ್‌ಗೆ ಸೇಫ್ಟಿ ಇಲ್ಲದ ಮಾದರಿಯ ಟ್ರಿಗರ್ ಹಾಕಿ ಹಳೆಯ ರೆಕ್ಕೆ ಸೇಫ್ಟಿಯನ್ನೇ ಉಳಿಸಿಕೊಂಡೆ. ಈಗ ರೆಕ್ಕೆ ಅರ್ಧಕ್ಕೇ ನಿಲ್ಲುತ್ತದೆ. ಸ್ನೇಹಿತರೊಬ್ಬರು ಅದನ್ನು ಸ್ವಲ್ಪ ಗ್ರೈಂಡ್ ಮಾಡು ಎನ್ನುತ್ತಾರೆ.
— ವಿ. ಕೆ., ಫ್ರೆಸ್ನೊ, ಕ್ಯಾಲಿಫೋರ್ನಿಯಾ

ಉತ್ತರ: ಸ್ನೇಹಿತರ ಮಾತು ಅರ್ಧ ಸರಿ. ಮೌಸರ್ ಸೇಫ್ಟಿ ಟ್ರಿಗರನ್ನು ತಡೆಯುವುದಿಲ್ಲ, ಕಾಕಿಂಗ್ ಪೀಸನ್ನೇ ಹಿಂದಕ್ಕೆ ಎಳೆದು ಸಿಯರ್‌ನಿಂದ ಬಿಡಿಸಿ ಹಿಡಿದುಕೊಳ್ಳುತ್ತದೆ. ಹೊಸ ಸಿಯರ್ ಹಳೆಯದಕ್ಕಿಂತ ಕೊಂಚ ಮುಂದೆ ಹಿಡಿದರೆ ಕಾಕಿಂಗ್ ಪೀಸ್ ಮುಂದೆ ನಿಂತು ರೆಕ್ಕೆಯ ದಾರಿಗೆ ಅಡ್ಡವಾಗುತ್ತದೆ. ಆಗ ರೆಕ್ಕೆಯ ದಂಡದ ಮೇಲಿನ ಅಂಚನ್ನು ಓರೆಯಾಗಿ ಕಲ್ಲಿನಿಂದ ಉಜ್ಜಿ, ಕಾಕಿಂಗ್ ಪೀಸ್ ಅದರ ಮೇಲೆ ಹತ್ತುವ ಹಾಗೆ ಮಾಡಬಹುದು. ಗ್ರೈಂಡರ್ ಬೇಡ. ಅತಿಯಾದರೆ ರೆಕ್ಕೆ ಸಲೀಸಾಗಿ ತಿರುಗುತ್ತದೆ, ಆದರೆ ಕಾಕಿಂಗ್ ಪೀಸನ್ನು ಹಿಂದಕ್ಕೆ ಎಳೆಯುವುದೇ ಇಲ್ಲ. ಸೇಫ್ಟಿ ಹಾಕಿದ್ದೀನಿ ಅಂತ ನೀವು ನಂಬಿರುತ್ತೀರಿ, ಭಾರ ಮಾತ್ರ ಸಿಯರ್ ಮೇಲೇ ಇರುತ್ತದೆ.

ಸರಿಯಾಗಿದೆಯೇ ಎಂದು ತಿಳಿಯಲು: ರೆಕ್ಕೆ ಹಾಕುವಾಗ ಕಾಕಿಂಗ್ ಪೀಸ್ ಹಿಂದಕ್ಕೆ ಸರಿಯುವುದು ಕಣ್ಣಿಗೆ ಕಾಣಬೇಕು. ಈಗ ಟ್ರಿಗರನ್ನು ಜೋರಾಗಿ ಎಳೆದು ಬಿಡಿ, ಟ್ರಿಗರ್ ಪೂರ್ತಿ ವಾಪಸ್ ಬರಲಿ. ಬೆರಳು ಹೊರಗಿಟ್ಟು ರೆಕ್ಕೆ ತೆಗೆಯಿರಿ. ಕಾಕಿಂಗ್ ಪೀಸ್ ಮುಂದಕ್ಕೆ ಬೀಳಬಾರದು. ಹೀಗೆ ಇಪ್ಪತ್ತು ಸಲ. ಒಂದೇ ಒಂದು ಸಲ ಬಿದ್ದರೂ ಕೆಲಸ ಮುಗಿದಿಲ್ಲ. ಬಿದ್ದದ್ದಕ್ಕೆ ಕಾರಣ ಸಾಮಾನ್ಯವಾಗಿ ಇದೇ: ಕಾಕಿಂಗ್ ಪೀಸ್ ಸಾಕಷ್ಟು ಹಿಂದೆ ಹೋಗದೆ ಸಿಯರ್‌ಗೆ ಮೇಲೆದ್ದು ಬರಲು ಜಾಗ ಸಿಕ್ಕಿಲ್ಲ. ದಂಡವನ್ನು ಆಗಲೇ ಜಾಸ್ತಿ ಉಜ್ಜಿದ್ದರೆ ಹೊಸ ಸೇಫ್ಟಿ ಕೊಳ್ಳಿ, ಅದು ಅಗ್ಗ.

ಪ್ರಶ್ನೆ: 1974ರ ರೆಮಿಂಗ್ಟನ್ 700 ಒಂದು ಮಾರಾಟಕ್ಕಿದೆ. ಹಳೆಯ ಟ್ರಿಗರ್ ತಾನಾಗಿ ಸಿಡಿಯುತ್ತದೆ ಎಂದು ಕೇಳಿದ್ದೇನೆ, ಮಾರುವವರು ಅದೆಲ್ಲ ಗಾಳಿಮಾತು ಎನ್ನುತ್ತಾರೆ. ಟ್ರಿಗರ್ ಈಗಾಗಲೇ ಬಹಳ ಹಗುರ, ಚೆನ್ನಾಗಿಯೇ ಇದೆ. ತೆಗೆದುಕೊಳ್ಳಬಹುದೇ?
— ಜಿ. ಎಂ., ಪಿಟ್ಸ್‌ಬರ್ಗ್

ಉತ್ತರ: ರೈಫಲ್ ತೆಗೆದುಕೊಳ್ಳಿ, ಟ್ರಿಗರ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆದು ಚೌಕಾಸಿ ಮಾಡಿ. ಗಾಳಿಮಾತಲ್ಲ. ಮಾಡೆಲ್ 700 ಬಂದದ್ದು 1962ರಲ್ಲಿ, ಅದರ ಟ್ರಿಗರ್ ಮೈಕ್ ವಾಕರ್ ಅವರ ವಿನ್ಯಾಸ, ಮೊದಲು 1948ರ 721, 722 ಮಾದರಿಗಳಲ್ಲಿ ಬಂದದ್ದು. ಇದರಲ್ಲಿ ಟ್ರಿಗರ್‌ನ ಮೈಗೆ ಕನೆಕ್ಟರ್ ಎಂಬ ತೆಳು ತುಂಡು ಅಂಟಿಕೊಂಡಂತೆ ಕೂತಿರುತ್ತದೆ. ಹಿಡಿದಿರುವುದು ಬರೇ ಸ್ಪ್ರಿಂಗಿನ ಒತ್ತಡ, ಪಿನ್ನಿಲ್ಲ, ಬೆಸುಗೆಯಿಲ್ಲ. ಸಿಯರ್ ನಿಂತಿರುವುದು ಈ ತುಂಡಿನ ತುದಿಯ ಮೇಲೆ. ಪ್ರತಿ ಈಡಿಗೂ ಕನೆಕ್ಟರ್ ಟ್ರಿಗರ್‌ನಿಂದ ಕ್ಷಣಮಾತ್ರ ದೂರ ಸರಿದು ಮತ್ತೆ ಕೂರುತ್ತದೆ. ಆ ಸಂದಿಗೆ ಧೂಳೋ, ಒಣಗಿ ಅಂಟಾದ ಎಣ್ಣೆಯೋ, ತೇವದ ಮಂಜುಗಡ್ಡೆಯೋ ಸೇರಿದರೆ ಪೂರ್ತಿ ವಾಪಸ್ ಕೂರುವುದಿಲ್ಲ, ಸಿಯರ್ ಅಂಚಿನಲ್ಲಿ ತೂಗಾಡುತ್ತದೆ. ಆಗ ಸೇಫ್ಟಿ ತೆಗೆದಾಗಲೋ ಬೋಲ್ಟ್ ಮುಟ್ಟಿದಾಗಲೋ ಸಿಡಿಯಬಹುದು.

1974ರದ್ದರಲ್ಲಿ ಇನ್ನೊಂದು ತೊಡಕಿದೆ. 1982ಕ್ಕಿಂತ ಹಿಂದಿನವುಗಳಲ್ಲಿ ಸೇಫ್ಟಿ ಹಾಕಿದರೆ ಬೋಲ್ಟೂ ಬೀಗ ಬೀಳುತ್ತದೆ. ತೋಟೆ ತೆಗೆಯಬೇಕಾದರೆ ಸೇಫ್ಟಿ ತೆಗೆಯಲೇಬೇಕು. ಅಂದರೆ ಅಪಾಯದ ಕ್ಷಣವೂ ತೋಟೆ ಒಳಗಿರುವ ಕ್ಷಣವೂ ಒಂದೇ.

ಈ ಟ್ರಿಗರ್‌ಗಳ ಕುರಿತ ಸಾಮೂಹಿಕ ಮೊಕದ್ದಮೆಯ ರಾಜಿಯಂತೆ ಕಂಪನಿ ಬಹುಪಾಲು ಮಾದರಿಗಳಿಗೆ ಟ್ರಿಗರನ್ನು ಪುಕ್ಕಟೆ ಬದಲಿಸಿಕೊಡುತ್ತಿತ್ತು. ಆ ಅವಧಿ 2020ರಲ್ಲಿ ಮುಗಿದಿದೆ, ಈಗ ಖರ್ಚು ನಿಮ್ಮದೇ. 2006ರಲ್ಲಿ ಬಂದ ರೆಮಿಂಗ್ಟನ್ನಿನದೇ ಎಕ್ಸ್‌ಮಾರ್ಕ್ ಪ್ರೊ ಟ್ರಿಗರ್‌ನಲ್ಲಿ ಕನೆಕ್ಟರ್ ಇಲ್ಲ. ಆದರೆ ಜೋಡಿಸುವಾಗ ಬಳಸಿದ ಅಂಟು ಹೆಚ್ಚಾಗಿ 2014ರ ಏಪ್ರಿಲ್‌ನಲ್ಲಿ ಅದನ್ನೂ ವಾಪಸ್ ಕರೆದಿದ್ದರು. ಆದ್ದರಿಂದ ಹಳೆಯ ರೈಫಲ್ಲಿನಿಂದ ಕಳಚಿದ ಎಕ್ಸ್‌ಮಾರ್ಕ್ ಅಗ್ಗಕ್ಕೆ ಸಿಕ್ಕಿತೆಂದು ಹಾಕಬೇಡಿ. ಟಿಮ್ನಿ, ಕೆನಡಾದ ಟ್ರಿಗರ್‌ಟೆಕ್ ಎರಡೂ ಒಳ್ಳೆಯವು. ಟಿಮ್ನಿಯದು ಸಾಂಪ್ರದಾಯಿಕ ಸಿಯರ್, ಟ್ರಿಗರ್‌ಟೆಕ್‌ನಲ್ಲಿ ಹಿಡಿಯುವ ಮೈಗಳ ನಡುವೆ ರೋಲರ್ ಇರುವುದರಿಂದ ಉಜ್ಜಾಟ ಬಹಳ ಕಡಿಮೆ.

ನಿಮ್ಮ ಕೊನೆಯ ಮಾತು ನಮಗೆ ಹೆಚ್ಚು ಚಿಂತೆ ತಂದಿದೆ. ಆ ಕಾಲದ 700 ಕಾರ್ಖಾನೆಯಿಂದ ಬಹಳ ಹಗುರವಾಗಿ ಹೊರಬರುತ್ತಿರಲಿಲ್ಲ. ಯಾರೋ ಸ್ಕ್ರೂ ತಿರುಗಿಸಿದ್ದಾರೆ. ಹೌಸಿಂಗ್‌ನ ಸ್ಕ್ರೂ ತಲೆಗಳ ಮೇಲೆ ಕಾರ್ಖಾನೆಯ ಮೊಹರು ಬಣ್ಣ ಒಡೆದಿದೆಯೇ ನೋಡಿ. ಹಿಂದಿನ ಸ್ಕ್ರೂ ಹಿಡಿತದ ಆಳದ್ದು. ಅದನ್ನು ತಿರುಗಿಸಿದ್ದರೆ ಈಗಿರುವ ಹಗುರತನ ಆಳವನ್ನು ಕದ್ದು ಬಂದದ್ದು. ಮತ್ತೆ ಸರಿ ಮಾಡಲು ಹೋಗದೆ ಇಡೀ ಘಟಕವನ್ನೇ ಬದಲಿಸಿ. ಎರಡು ಅಡ್ಡ ಪಿನ್ ತೆಗೆದರೆ ಹೌಸಿಂಗ್ ಕಳಚುತ್ತದೆ. ಹಿಂದಿನ ಪಿನ್ ತೆಗೆಯುವಾಗ ಬೋಲ್ಟ್ ಸ್ಟಾಪ್ ಮತ್ತು ಅದರ ಪುಟ್ಟ ಸ್ಪ್ರಿಂಗ್ ಜಾರಿ ಬರಬಹುದು, ಮೊದಲೇ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ವಾಪಸ್ ಕೂರಿಸುವಾಗ ಪರದಾಟ ಇಲ್ಲ. ಬೋಲ್ಟ್ ಬೀಗ ಇಲ್ಲದ ಟ್ರಿಗರ್ ಹಾಕಿದರೆ ಸೇಫ್ಟಿ ಹಾಕಿಕೊಂಡೇ ತೋಟೆ ತೆಗೆಯಬಹುದು, ಅದೇ ದೊಡ್ಡ ಲಾಭ.

ಪ್ರಶ್ನೆ: ಟ್ರಿಗರ್ ಸ್ಪ್ರಿಂಗ್‌ನ ಎರಡು ಸುತ್ತು ಕತ್ತರಿಸಿದರೆ ಹಗುರವಾಗುತ್ತದಲ್ಲ? ಅಥವಾ ಮೇನ್‌ಸ್ಪ್ರಿಂಗ್?
— ಡಿ. ಎನ್., ನ್ಯೂಜೆರ್ಸಿ

ಉತ್ತರ: ಆಗುತ್ತದೆ, ಮಾಡಬೇಡಿ. ಟ್ರಿಗರ್ ಸ್ಪ್ರಿಂಗ್‌ನ ಇನ್ನೊಂದು ಕೆಲಸ ಟ್ರಿಗರನ್ನು ವಾಪಸ್ ತಂದು ಸಿಯರ್ ಕೆಳಗೆ ಕೂರಿಸುವುದು. ಸತ್ವ ಕಳೆದ ಸ್ಪ್ರಿಂಗ್ ಕೊಳೆ ಇದ್ದಾಗ, ಚಳಿಯಿದ್ದಾಗ ಆ ಕೆಲಸ ಮಾಡುವುದಿಲ್ಲ. ಮೇನ್‌ಸ್ಪ್ರಿಂಗ್ ಕತ್ತರಿಸಿದರೆ ಪ್ರೈಮರ್‌ಗೆ (ತೋಟೆಯ ತಳದ ಕಿಡಿಮದ್ದಿಗೆ) ಏಟು ಸಾಲದೆ ಈಡು ಹುಸಿ ಹೋಗುತ್ತದೆ, ಇಲ್ಲವೇ ತಡವಾಗಿ ಹಾರುತ್ತದೆ. ಹಗುರವಾದ ಸ್ಪ್ರಿಂಗ್ ಬೇಕಿದ್ದರೆ ಆ ರೈಫಲ್ಲಿಗೆಂದೇ ತಯಾರಾದದ್ದನ್ನು ಕೊಳ್ಳಿ.

ಪ್ರಶ್ನೆ: 1950ರ ದಶಕದ ವಿಂಚೆಸ್ಟರ್ 70 ಇದೆ. ಟ್ರಿಗರ್ 5 ಪೌಂಡ್ ಮೇಲಿದೆ. ಹೊಸದು ಹಾಕಲೇ?
— ಕೆ. ಎಸ್., ಡೆನ್ವರ್

ಉತ್ತರ: ಬೇಡ. 1936ರಿಂದ 1963ರವರೆಗಿನ ಮಾಡೆಲ್ 70ರ ಟ್ರಿಗರ್‌ಗಿಂತ ಒಳ್ಳೆಯದನ್ನು ಬೇಟೆ ರೈಫಲ್ಲಿಗೆ ಇನ್ನೂ ಯಾರೂ ಮಾಡಿಲ್ಲ ಎಂಬ ಪಕ್ಷದವರು ನಾವು. ಮುಚ್ಚಿದ ಹೌಸಿಂಗ್ ಇಲ್ಲ, ಬಿದ್ದ ಕೊಳೆ ಕೆಳಗೇ ಉದುರುತ್ತದೆ, ಭಾಗಗಳು ಬೆರಳೆಣಿಕೆಯಷ್ಟು. ಮೊದಲು ಆಕ್ಷನ್ನನ್ನು ಮರದಿಂದ ತೆಗೆದು ಲೈಟರ್ ಫ್ಲೂಯಿಡ್‌ನಲ್ಲಿ ತೊಳೆದು ಒಣಗಿಸಿ, ಮತ್ತೆ ಅಳೆಯಿರಿ. ಐದಾರು ದಶಕದ ಒಣ ಎಣ್ಣೆಯೇ ಅರ್ಧ ಪೌಂಡ್ ತಿಂದಿರುತ್ತದೆ. ಆಮೇಲೂ ಭಾರವಿದ್ದರೆ ಟ್ರಿಗರ್ ಸ್ಪ್ರಿಂಗ್ ಒತ್ತಿಹಿಡಿದ ಪುಟ್ಟ ನಟ್ಟುಗಳನ್ನು ಎರಡು ತೆಳು ಸ್ಪ್ಯಾನರ್‌ನಿಂದ ಸಡಿಲಿಸಿ, ಸ್ಪ್ರಿಂಗ್ ಬಿಗಿ ಇಳಿಯುವ ಕಡೆಗೆ ಕಾಲು ಸುತ್ತಿನಂತೆ ಸರಿಸುತ್ತ ಅಳೆಯಿರಿ. ಮೂರೂವರೆ ಪೌಂಡಿಗೆ ನಿಲ್ಲಿಸಿ, ನಟ್ಟುಗಳನ್ನು ಒಂದಕ್ಕೊಂದು ಬಿಗಿದು ಉಗುರುಬಣ್ಣದ ಒಂದು ಚುಕ್ಕೆ ಇಡಿ. ಸಿಯರ್ ಹಿಡಿತಕ್ಕೆ ಇದರಲ್ಲಿ ಸ್ಕ್ರೂ ಇಲ್ಲ, ಅದೇ ಇದರ ಪುಣ್ಯ.

ಎಣ್ಣೆಯ ಮಾತು ಬಂದದ್ದರಿಂದ ಹೇಳಿಬಿಡುತ್ತೇವೆ: ಟ್ರಿಗರ್ ಯಾವುದೇ ಇರಲಿ, ಡಬ್ಲ್ಯುಡಿ-40 ಹೊಡೆಯಬೇಡಿ, ಒಣಗಿ ಜಿಗುಟಾಗುತ್ತದೆ. ತೊಳೆದ ಮೇಲೆ ಒಣ ಗ್ರಾಫೈಟ್ ಸಾಕು, ಏನೂ ಹಾಕದಿದ್ದರೂ ನಡೆಯುತ್ತದೆ.

ಪ್ರಶ್ನೆ: ನಮ್ಮ ಮನೆಯ .315 ರೈಫಲ್, ಇಷಾಪುರ ಕಾರ್ಖಾನೆಯದು. ಬೇಸಿಗೆಯಲ್ಲಿ ಟ್ರಿಗರ್ ಒಂದು ತರಹ, ಮಳೆಗಾಲ ಕಳೆದು ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುರಿಯಿಡುವ ಹೊತ್ತಿಗೆ ಇನ್ನೊಂದು ತರಹ. ಸ್ಪ್ರಿಂಗ್ ಬದಲಿಸಬೇಕೇ?
— ಎಂ. ಪಿ., ವಿರಾಜಪೇಟೆ

ಉತ್ತರ: ಸ್ಪ್ರಿಂಗ್ ಬಿಡಿ, ಮರ ನೋಡಿ. ಇಷಾಪುರದ .315 ಲೀ–ಎನ್‌ಫೀಲ್ಡ್ ಆಕ್ಷನ್ ಮೇಲೆ ಕಟ್ಟಿದ ರೈಫಲ್, ತೋಟೆ ಮಾತ್ರ 8x50 ಮ್ಯಾನ್ಲಿಶರ್. ಹಳೆಯ ಲೀ–ಎನ್‌ಫೀಲ್ಡ್‌ನಲ್ಲಿ ಸಿಯರ್ ರಿಸೀವರ್‌ಗೆ ಕೂತಿದೆ, ಟ್ರಿಗರ್ ಮಾತ್ರ ಗಾರ್ಡ್‌ಗೆ ಪಿನ್ ಆಗಿದೆ. ಎರಡರ ನಡುವೆ ಇರುವುದು ಮರ. ಮಳೆಗಾಲದಲ್ಲಿ ಮರ ಉಬ್ಬಿದರೆ ಗಾರ್ಡ್ ಕೆಳಗೆ ಸರಿಯುತ್ತದೆ, ಟ್ರಿಗರ್ ಸಿಯರ್‌ನಿಂದ ದೂರವಾಗಿ ಮೊದಲ ಹಂತ ಉದ್ದವಾಗುತ್ತದೆ. ಬೇಸಿಗೆಯಲ್ಲಿ ಮರ ಕುಗ್ಗಿ, ನೀವೂ ಸಡಿಲವಾಯಿತೆಂದು ಸ್ಕ್ರೂ ಬಿಗಿ ಮಾಡಿದರೆ ಗಾರ್ಡ್ ಮೇಲೇರುತ್ತದೆ, ಮೊದಲ ಹಂತ ಮಾಯವಾಗುತ್ತದೆ. ಇನ್ನೂ ಮೇಲೇರಿದರೆ ಟ್ರಿಗರ್ ಸುಮ್ಮನಿರುವಾಗಲೇ ಸಿಯರನ್ನು ಒತ್ತುತ್ತಿರುತ್ತದೆ, ಹಿಡಿತದ ಆಳ ಕಡಿಮೆಯಾಗುತ್ತದೆ. ಮಳೆಗಾಲದ ಉದ್ದ ಟ್ರಿಗರ್ ಕಿರಿಕಿರಿ ಅಷ್ಟೇ. ಬೇಸಿಗೆಯ ಗಿಡ್ಡ ಟ್ರಿಗರ್‌ಗೆ ಹೆದರಬೇಕು. ಈ ಕಾರಣಕ್ಕೇ ಬ್ರಿಟಿಷರು 1949ರಲ್ಲಿ ನಂ. 4 ಮಾರ್ಕ್ 2 ಮಾದರಿಯಲ್ಲಿ ಟ್ರಿಗರನ್ನು ಗಾರ್ಡ್‌ನಿಂದ ಬಿಡಿಸಿ ಆಕ್ಷನ್ನಿಗೇ ನೇತುಹಾಕಿದರು.

ಗನ್‌ಸ್ಮಿತ್ ಹತ್ತಿರ ಕೊಂಡೊಯ್ದಾಗ ಗಾರ್ಡ್‌ನ ಮುಂದಿನ ಸ್ಕ್ರೂ ಸುತ್ತ ಲೋಹದ ಕಾಲರ್ ಇದೆಯೇ ಎಂದು ಮೊದಲು ನೋಡಲು ಹೇಳಿ. ಗಾರ್ಡ್‌ಗೂ ಆಕ್ಷನ್‌ಗೂ ನಡುವಿನ ಅಂತರ ಕಾಯುವುದೇ ಅದರ ಕೆಲಸ. ಹಿಂದೆ ಬಿಚ್ಚಿದವರು ಯಾರೋ ಕಳೆದಿರುವುದು ಮಾಮೂಲು. ಕಾಲರ್ ಇಲ್ಲದಿದ್ದರೆ ಉಕ್ಕಿನದ್ದು ಲೇತಿನಲ್ಲಿ ಮಾಡಿಸಬಹುದು. ಉದ್ದ ಹೀಗಿರಬೇಕು: ಸ್ಕ್ರೂ ಪೂರ್ತಿ ಬಿಗಿಯಾದಾಗ ಗಾರ್ಡ್, ಕಾಲರ್, ಆಕ್ಷನ್ ಮೂರೂ ಲೋಹಕ್ಕೆ ಲೋಹ ತಾಗಬೇಕು, ಮರ ಬಿಗಿಯಾಗಿ ಹಿಡಿದಿರಬೇಕು, ಆದರೆ ಜಜ್ಜಬಾರದು. ಕಾಲರ್ ಇದ್ದೂ ಮರ ಸಡಿಲವಾಗಿದ್ದರೆ ಕಾಲರ್ ಉಜ್ಜಿ ಗಿಡ್ಡ ಮಾಡುವುದು ಸುಲಭದ ದಾರಿ, ತಪ್ಪು ದಾರಿ. ಕುಗ್ಗಿದ ಮರಕ್ಕೆ ತೆಳುವಾದ ಹೊಸ ಮರದ ತೇಪೆ ಅಂಟಿಸಿ ಮಟ್ಟ ಮಾಡಬೇಕು. ಜೋಡಿಸುವ ಮೊದಲು ಮರದ ಒಳಮೈಗೆ ಅಗಸೆ ಎಣ್ಣೆ ತೆಳುವಾಗಿ ಮೂರು ಸಲ ಹಚ್ಚಿಸಿ, ಒಂದೊಂದೂ ಒಣಗಿದ ಮೇಲೆ ಇನ್ನೊಂದು. ಹೊರಗೆ ಹೊಳೆಯುವ ಪಾಲಿಶ್, ಒಳಗೆ ಹಸಿ ಮರ, ಹೀಗಿದ್ದರೆ ಕೊಡಗಿನ ಮಳೆ ಒಳಗಿನಿಂದಲೇ ನುಗ್ಗುತ್ತದೆ.

ಇಷ್ಟಾದ ಮೇಲೂ ಕರಕರ ಇದ್ದರೆ ಮಾತ್ರ ಸಿಯರ್‌ನ ಮೂತಿ ನಯ ಮಾಡಿಸಿ. ಸಿಯರ್ ಸ್ಪ್ರಿಂಗನ್ನು ಬಗ್ಗಿಸಿ ಹಗುರ ಮಾಡಿಸಬೇಡಿ. ಮ್ಯಾಗಜೀನ್ ಕೊಂಡಿಯನ್ನು ಒತ್ತಿಹಿಡಿಯುವುದೂ ಅದೇ ಸ್ಪ್ರಿಂಗ್. ಟ್ರಿಗರ್ ಹಗುರ ಮಾಡಲು ಹೋಗಿ ಮ್ಯಾಗಜೀನ್ ಕಳಚಿ ಬೀಳುವಂತಾಗುತ್ತದೆ.

ಪ್ರಶ್ನೆ: ಎರಡು ಟ್ರಿಗರ್ ಇರುವ ಹಳೆಯ ಜರ್ಮನ್ ಮೌಸರ್ ಸ್ಪೋರ್ಟರ್ ನಮ್ಮಲ್ಲಿದೆ. ಹಿಂದಿನದು ಎಳೆದರೆ ಟಕ್ ಅನ್ನುತ್ತದೆ, ಮುಂದಿನದು ಮುಟ್ಟಿದರೆ ಸಾಕು ಹಾರುತ್ತದೆ. ಈಚೆಗೆ ಟಕ್ ಅಂದರೂ ಒಮ್ಮೊಮ್ಮೆ ಹಾರುವುದಿಲ್ಲ. ಹಾಗೆ ಸೆಟ್ ಆಗಿ ಉಳಿದರೆ ಏನು ಮಾಡಬೇಕು?
— ಬಿ. ಆರ್., ಸಕಲೇಶಪುರ

ಉತ್ತರ: ಕೊನೆಯ ಪ್ರಶ್ನೆ ಮೊದಲು. ನಳಿಗೆ ಸುರಕ್ಷಿತ ದಿಕ್ಕಿಗಿರಲಿ, ಬೆರಳು ಗಾರ್ಡ್‌ನ ಹೊರಗೆ, ಬೋಲ್ಟ್ ತೆರೆದು ತೋಟೆ ಹೊರತೆಗೆಯಿರಿ. ಬೋಲ್ಟ್ ತೆರೆದೇ ಇರುವಾಗ ಮುಂದಿನ ಟ್ರಿಗರ್ ಮುಟ್ಟಿ ಸೆಟ್ ಇಳಿಸಿ. ತೋಟೆ ಒಳಗಿಟ್ಟುಕೊಂಡು ಎರಡೂ ಟ್ರಿಗರ್ ಒಟ್ಟಿಗೆ ಹಿಡಿದು ಮೆಲ್ಲಗೆ ಇಳಿಸುವ ಚಮತ್ಕಾರ ಕೆಲವರು ತೋರಿಸುತ್ತಾರೆ, ನೋಡಲೂ ಹೋಗಬೇಡಿ.

ಈ ಯಂತ್ರದಲ್ಲಿ ಹಿಂದಿನ ಟ್ರಿಗರ್ ಒಂದು ಪುಟ್ಟ ಸುತ್ತಿಗೆಯನ್ನು ಸ್ಪ್ರಿಂಗಿಗೆ ವಿರುದ್ಧವಾಗಿ ಕಟ್ಟಿಡುತ್ತದೆ, ಮುಂದಿನದು ಅದನ್ನು ಬಿಡುತ್ತದೆ, ಸುತ್ತಿಗೆ ಸಿಯರ್‌ಗೆ ಹೊಡೆಯುತ್ತದೆ. ಟಕ್ ಅಂದೂ ಹಾರದಿದ್ದರೆ ಏಟು ಸಾಲುತ್ತಿಲ್ಲ. ಕಾರಣ ಹೆಚ್ಚಾಗಿ ಗಟ್ಟಿಯಾದ ಹಳೆಯ ಗ್ರೀಸ್. ಅದಿಲ್ಲದಿದ್ದರೆ, ಅನೇಕ ಮೌಸರ್‌ಗಳಲ್ಲಿ ಈ ಸೆಟ್ ಯಂತ್ರ ಗಾರ್ಡ್‌ನಲ್ಲೇ ಇರುವುದರಿಂದ, ಸ್ಕ್ರೂ ಸಡಿಲವಾಗಿಯೋ ಮರ ಉಬ್ಬಿಯೋ ಸುತ್ತಿಗೆ ಸಿಯರ್‌ನಿಂದ ದೂರವಾಗಿರುತ್ತದೆ. ವಿರಾಜಪೇಟೆಯವರಿಗೆ ಹೇಳಿದ್ದು ನಿಮಗೂ ಅನ್ವಯ. ಎರಡು ಟ್ರಿಗರ್‌ಗಳ ನಡುವಿನ ಪುಟ್ಟ ಸ್ಕ್ರೂ ಈ ಕಾಯಿಲೆಗೆ ಮದ್ದಲ್ಲ. ಅದು ಮುಂದಿನ ಟ್ರಿಗರ್ ಎಷ್ಟು ಸೂಕ್ಷ್ಮ ಎಂಬುದನ್ನಷ್ಟೇ ಬದಲಿಸುತ್ತದೆ. ಒಳಕ್ಕೆ ತಿರುಗಿಸಿದಷ್ಟೂ ಸೂಕ್ಷ್ಮ, ಅತಿಯಾದರೆ ಸೆಟ್ಟೇ ನಿಲ್ಲುವುದಿಲ್ಲ. ಸೆಟ್ ಮಾಡಿದ ಖಾಲಿ ರೈಫಲ್‌ನ ಬಟ್ಟನ್ನು ನಾಲ್ಕು ಇಂಚು ಎತ್ತಿ ರಬ್ಬರ್ ಮ್ಯಾಟ್ ಮೇಲೆ ಕುಕ್ಕಿದಾಗ ಸೆಟ್ ಬಿಡದಷ್ಟಕ್ಕೆ ಹೊರಕ್ಕೆ ತಿರುಗಿಸಿ ಇಡಿಸಿ.

ಪ್ರಶ್ನೆ: ಅಣ್ಣ ಅಮೆರಿಕದಲ್ಲಿದ್ದಾನೆ. ಅಲ್ಲಿಂದ ಒಂದು ಟ್ರಿಗರ್ ಕೊರಿಯರ್‌ನಲ್ಲಿ ಕಳಿಸಿದರೆ ಊರಲ್ಲಿ ನಾನೇ ಹಾಕಿಕೊಳ್ಳಬಹುದೇ? ನಮಗೆ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ.
— ಸಿ. ಎ., ಮಡಿಕೇರಿ

ಉತ್ತರ: ಎರಡಕ್ಕೂ ಇಲ್ಲ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಇರುವ ವಿನಾಯಿತಿ, 2029ರವರೆಗೆ ವಿಸ್ತರಿಸಿರುವುದು, ಕೋವಿ ಇಟ್ಟುಕೊಳ್ಳುವುದಕ್ಕೆ ಮತ್ತು ಒಯ್ಯುವುದಕ್ಕೆ ಸಂಬಂಧಿಸಿದ್ದು. 1959ರ ಆಯುಧ ಕಾಯ್ದೆಯ 5ನೇ ಕಲಂ ಪ್ರಕಾರ ರಿಪೇರಿಗೆ ಬೇರೆಯೇ ಲೈಸೆನ್ಸ್ ಬೇಕು, 10ನೇ ಕಲಂ ಪ್ರಕಾರ ಆಮದಿಗೂ ಬೇಕು. ಆಯುಧ ಎಂಬುದರಲ್ಲಿ ಅದರ ಬಿಡಿಭಾಗವೂ ಸೇರಿದೆ, ಹಾಗಾಗಿ ಪಾರ್ಸೆಲ್‌ನಲ್ಲಿ ಬಂದ ಟ್ರಿಗರ್ ಕಸ್ಟಮ್ಸ್‌ನವರ ಕಣ್ಣಿಗೆ ಬರೀ ಕಬ್ಬಿಣದ ತುಂಡಲ್ಲ. ಕಳಿಸುವ ಅಣ್ಣನಿಗೂ ಆ ಕಡೆಯ ರಫ್ತು ನಿಯಮಗಳಿವೆ. ಲೈಸೆನ್ಸ್ ಇರುವ ಡೀಲರ್ ಮೂಲಕ ಆಮದು ಪರವಾನಗಿ ಪಡೆಯುವುದು ಒಂದು ದಾರಿ, ಅದಕ್ಕೆ ತಗಲುವ ಓಡಾಟ ಒಂದು ಟ್ರಿಗರ್‌ಗೆ ಹೆಚ್ಚಾಯಿತು. ಇರುವುದನ್ನು ತೊಳೆಸಿ, ಗಾರ್ಡ್‌ನ ಕಾಲರ್ ಸರಿ ಮಾಡಿಸಿ, ಮುಖಗಳನ್ನು ನಯ ಮಾಡಿಸಿ. ಕೊಂಡೊಯ್ಯುವಾಗ ವಿನಾಯಿತಿ ಪತ್ರ ಜೊತೆಗಿರಲಿ, ಗನ್‌ಸ್ಮಿತ್‌ನಿಂದ ಕೋವಿಯ ನಂಬರ್ ಬರೆದ ರಸೀದಿ ಪಡೆಯದೆ ಬಿಟ್ಟು ಬರಬೇಡಿ.